ಪೈಜಣದ ಸಂದಿನ ಕಪ್ಪು

ಅಕ್ಕ ಮದುವೆಯಾಗಿ ಸವಣೂರಿನ ಎಲೆತೋಟದ ಮನೆಗೆ ಹೋದ ಮೇಲೆ ಬೆಳ್ಳಿ ತಿಕ್ಕುವ ಕೆಲಸ ನನ್ನ ಕೊರಳಿಗೆ ಬಿತ್ತು. ಹಬ್ಬ ಬಂತೆಂದರೆ ಅಂಟವಾಳಕಾಯಿ ಜಜ್ಜಿ ಕುದಿಸಬೇಕು. ಆ ನೊರೆನೀರಿನಲ್ಲಿ ಬೆಳ್ಳಿಯನ್ನು ನೆನೆಸಬೇಕು, ತೀರಾ ಕಪ್ಪಾಗಿದ್ದರೆ ಹುಣಸೆಹಣ್ಣು ಹಚ್ಚಬೇಕು, ಕಡೆಗೆ ವಿಭೂತಿ ಪುಡಿ ಹಾಕಿ ಹಳೆಯ ಅರಿವೆಯಿಂದ ಒರೆಸಬೇಕು. ಬೇಗ ಮುಗಿಯಲೆಂದು ಮರಳು ಮುಟ್ಟಿದರೆ ಅವ್ವ ಕೈಮೇಲೆ ಹೊಡೆಯುತ್ತಿದ್ದಳು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಈ ಹಾಳು ಬೆಳ್ಳಿ ಯಾಕಾದರೂ ಕಪ್ಪಾಗುತ್ತದೆಂದು ಅಕ್ಕಿಆಲೂರ ಸಂತೆಯಲ್ಲಿ ಒಡವೆ ಮಾಡುವ ಪತ್ತಾರನನ್ನೇ ಕೇಳಿದೆ.

ಬರೀ ಬೆಳ್ಳಿ ಬಹಳ ಮೆತ್ತಗಂತೆ. ಒಡವೆ ಗಟ್ಟಿ ನಿಲ್ಲಬೇಕಾದರೆ ಒಂದಿಷ್ಟು ತಾಮ್ರ ಬೆರೆಸಲೇಬೇಕಂತೆ. ಆಮೇಲೆ ಒಲೆಯ ಕುಳ್ಳಿನ ಹೊಗೆ, ಬೆವರು, ಉಳ್ಳಾಗಡ್ಡಿ ಹೆಚ್ಚಿದ ಕೈ ಎಲ್ಲ ತಾಗಿ ಕಪ್ಪು ಹತ್ತುತ್ತದಂತೆ. ಯುದ್ಧ ಬಂದ ಮೇಲೆ ಸರಕಾರ ಬೆಳ್ಳಿ ರೂಪಾಯಿಗೂ ತಾಮ್ರ ಬೆರೆಸುತ್ತಿದೆ ಎಂದು ಆತ ಗೊಣಗಿದ. ಮನೆಗೆ ಬಂದು ಹೇಳಿದರೆ ಅವ್ವ ತನ್ನದೊಂದು ಮಾತು ಸೇರಿಸಿದಳು.

"ಮೈಮ್ಯಾಲಿನ ಬೆಳ್ಳಿ ತನ್ನಷ್ಟಕ್ಕ ತಾನ ಬೆಳಗತೈತಿ. ಪೆಟ್ಟಿಗ್ಯಾಗ ಇಟ್ಟದ್ದು ಕಪ್ಪಾಕ್ಕೈತಿ."

ದಿನಾ ಹಾಕಿಕೊಂಡ ಒಡವೆಯ ಉಬ್ಬು ಮಾತ್ರ ಹೊಳೆಯುತ್ತದೆ, ಸಂದಿನಲ್ಲಿ ಕಪ್ಪು ಉಳಿಯುತ್ತದೆ. ಅಕ್ಕ ಪಂಚಮಿಗೆ ಬಂದಾಗ ಅವ್ವ ಅವಳ ಮುಖಕ್ಕಿಂತ ಮೊದಲು ಕಾಲಿನ ಪೈಜಣ ನೋಡುತ್ತಿದ್ದಳು. ಉಬ್ಬು ಬಿಳುಪು, ಸಂದು ಕಪ್ಪು. ಮಗಳು ಉಂಡುಟ್ಟು ಓಡಾಡಿಕೊಂಡಿದ್ದಾಳೆ ಎಂದು ಅವ್ವನಿಗೆ ಸಮಾಧಾನ. ನನಗೆ ಬೇಕಾಗಿದ್ದುದು ಪೈಜಣದ ಸಪ್ಪಳ. ಅದಿಲ್ಲದ ಮನೆಯಲ್ಲಿ ನನಗೆ ಊಟವೂ ಸೇರುತ್ತಿರಲಿಲ್ಲ.

ಮೂರನೆಯ ವರ್ಷ ಅಕ್ಕನ ಪೈಜಣ ಸಂದುಗೊಂದಿಯೆಲ್ಲ ಹೊಳೆಯುತ್ತಿತ್ತು. ಈ ಸಲ ನನಗೆ ಕೆಲಸ ತಪ್ಪಿತೆಂದು ನಾನು ಹಿಗ್ಗಿದೆ. ಅವ್ವ ಉಗುರಿನಿಂದ ಸಂದು ಕೆರೆದಳು. ಬಿಳಿ ವಿಭೂತಿ ಉದುರಿತು. ನಿನ್ನೆ ಮೊನ್ನೆ ತಿಕ್ಕಿದ್ದು. ದಿನಾ ಕಾಲಲ್ಲಿದ್ದುದನ್ನು ಹೀಗೆ ಸಂದು ಬಿಡದೆ ತಿಕ್ಕುವ ಗರಜೇನು, ವರ್ಷವೆಲ್ಲ ಪೈಜಣ ಬೀಗತಿಯ, ಅಂದರೆ ಅಕ್ಕನ ಅತ್ತೆಯ, ಪೆಟ್ಟಿಗೆಯಲ್ಲಿತ್ತು ಎಂದು ಅವ್ವ ತೀರ್ಮಾನಿಸಿದಳು. ಇದು ಇತ್ಯರ್ಥವಾಗುವ ತನಕ ಮಗಳನ್ನು ಕಳಿಸುವುದಿಲ್ಲ ಎಂದು ಪಟ್ಟು ಹಿಡಿದಳು. ಅಪ್ಪ ಸವಣೂರಿಗೆ ಹೊರಟೇಬಿಡುವವನಂತೆ ಗೂಟದ ಮೇಲಿನ ರುಮಾಲಿಗೆ ಕೈ ಹಾಕಿದ. ಆಗ ಅಕ್ಕ ಬಾಯಿ ಬಿಟ್ಟಳು.

"ಅತ್ತಿ ಏನೂ ಮಾಡಿಲ್ಲವ್ವಾ. ನಾನ ತಗದಿಟ್ಟೇನಿ. ಅದರ ಸಪ್ಪಳ ಕೇಳಿದ್ರ ಈ ಮನ್ಯಾಗ ಅಡ್ಡಾಡಿದಂಗ ಆಕ್ಕೈತಿ. ಆಮ್ಯಾಲೆ ಕೆಲಸಕ್ಕ ಕೈ ಏಳೂದಿಲ್ಲ."

ಅವ್ವ ಕೊರಗಬಾರದೆಂದು ಬರುವ ಮುನ್ನಾದಿನ ಕುದಿಸಿ ತಿಕ್ಕಿಕೊಂಡು ಬಂದಿದ್ದಳು. ಅವ್ವನ ಕೈಯಲ್ಲೇ ಬೆಳೆದವಳಿಗೆ ಸಂದಿನ ಲೆಕ್ಕ ಮರೆತುಹೋಗಿತ್ತು, ಹುಚ್ಚಿ.

ಅಪ್ಪ ರುಮಾಲನ್ನು ಗೂಟಕ್ಕೇ ಬಿಟ್ಟ. ಅವ್ವ ಪೈಜಣ ಬಿಚ್ಚಿಸಿ ನನ್ನ ಕಾಲಿಗೆ ಹಾಕಿದಳು. ನಾನು ಹಾಕಿಕೊಂಡಿದ್ದರೆ ಬೆಳ್ಳಗಿರುತ್ತವೆ, ಅಕ್ಕ ಬಂದಾಗ ಅವಳ ಕಾಲಿಗೆ ಎಂದಳು. ಎಷ್ಟು ವರ್ಷ ಹೊಟ್ಟೆಕಿಚ್ಚು ಪಟ್ಟಿದ್ದೆನೋ ಆ ಜೋಡಿಗೆ! ಅಕ್ಕ ಬರಿಗಾಲಲ್ಲಿ ಬಂಡಿ ಹತ್ತುವಾಗಲೂ ನಾನು ನನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದೆ. ಅದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಮರುದಿನ ಹಿತ್ತಲಿನಿಂದ ಅಡುಗೆಮನೆಗೆ ಬಂದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಸಪ್ಪಳ ಕೇಳಿ ಥಟ್ಟನೆ ತಲೆಯೆತ್ತಿದಳು. ಮುಖ ಅರಳಿತ್ತು. ಬಂದವಳು ನಾನೆಂದು ಕಂಡು ಮತ್ತೆ ಹಂಚಿನ ಕಡೆ ತಿರುಗಿದಳು. ಸಂಜೆಯೂ ಹಾಗೆಯೇ, ಮರುದಿನವೂ ಹಾಗೆಯೇ. ಒಂದು ವಾರ ತಡೆದುಕೊಂಡೆ. ಆಮೇಲೆ ಬಿಚ್ಚಿ ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಮುಂದಿನ ಪಂಚಮಿಗೆ ತೆಗೆದರೆ ಕಾಡಿಗೆಯಷ್ಟು ಕಪ್ಪು. ಹಿತ್ತಲಲ್ಲಿ ಒಬ್ಬಳೇ ಕುಳಿತು ಬೆರಳ ತುದಿಗೆ ಹುಣಸೆಹಣ್ಣು ಹಚ್ಚಿಕೊಂಡು ಉಬ್ಬುಗಳನ್ನಷ್ಟೇ ತಿಕ್ಕಿದೆ. ಸಂದು ಮುಟ್ಟಲಿಲ್ಲ. ಪೂರಾ ತಿಕ್ಕುವುದಕ್ಕಿಂತ ಇದಕ್ಕೇ ಎರಡು ಪಟ್ಟು ಹೊತ್ತು ಹಿಡಿಯಿತು.

ಅಕ್ಕ ಬಂದವಳು ಪೈಜಣವನ್ನು ಕೈಯಲ್ಲಿ ಹೊರಳಿಸಿ ಸಂದು ನೋಡಿದಳು. ವರ್ಷವೆಲ್ಲ ಹಾಕಿಕೊಂಡು ಮೆರೆದಿದ್ದೀಯಲ್ಲ ಎಂದು ನನ್ನ ಗಲ್ಲ ಹಿಂಡಿದಳು. ಹೂಂ ಎಂದೆ. ಅವಳು ಅವನ್ನು ಹಾಕಿಕೊಂಡು ಅಡುಗೆಮನೆಗೆ ನಡೆದಳು. ಅವ್ವ ತಲೆಯೆತ್ತಿದಳು. ಆ ಸಲ ಹಂಚಿನ ಕಡೆ ತಿರುಗಲೇ ಇಲ್ಲ. ರೊಟ್ಟಿ ಸೀದುಹೋಯಿತು.