ಅತ್ತೆಯ ಬೀಸುವ ಹಾಡು, ನನ್ನ ಕಂಪ್ಯೂಟರು

ಇಂಟರ್ನೆಟ್ ರೇಡಿಯೊದಲ್ಲಿ ಬರುವ ಹಾಡುಗಳನ್ನು ಮನೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳುವ ಹುಚ್ಚು ನನಗೆ. ಮರಾಠಿ ಅಭಂಗ, ಕನ್ನಡ ತತ್ವಪದ, ಯಾವುದು ಬಂದರೂ ಬಿಡುತ್ತಿರಲಿಲ್ಲ. ಹೀಗಿರುವಾಗ ಮಿರಜಿನಲ್ಲಿ ಸಣ್ಣದೊಂದು ಇಂಟರ್ನೆಟ್ ರೇಡಿಯೊ ನಡೆಸುವವರು ಕಾಗವಾಡಕ್ಕೆ, ನಮ್ಮ ಮನೆಗೇ ಬಂದರು. ನನ್ನ ಅತ್ತೆಯಿಂದ ಬೀಸುವ ಹಾಡು ಹಾಡಿಸಿಕೊಂಡು, "ರವಿವಾರ ಮಧ್ಯಾಹ್ನ ಹಚ್ತೀವ್ರಿ, ಕೇಳ್ರಿ" ಎಂದು ಹೇಳಿ ಹೋದರು. ಅದನ್ನು ಹಿಡಿದಿಡುವ ಕೆಲಸ ನನ್ನದಾಯಿತು.

ರವಿವಾರ ಅತ್ತೆ ಇಳಕಲ್ ಸೀರೆ ಉಟ್ಟು ಕಂಪ್ಯೂಟರಿನ ಮುಂದೆ ಕುಳಿತರು. ನಾನು ಕಾಕು ಎಂದು ಕರೆಯುವ ಪಕ್ಕದ ಮನೆಯ ಚಿಕ್ಕಮ್ಮ ಒಂದು ತಟ್ಟೆ ಒಣದ್ರಾಕ್ಷಿ ಹಿಡಿದುಕೊಂಡು ಬಂದರು.

"ಮಾತಾಡಬಾರ್ದೇನವಾ?" ಅತ್ತೆ ಪಿಸುಗುಟ್ಟಿದರು.

"ಎಷ್ಟರೆ ಮಾತಾಡ್ರಿ ಅತ್ತಿ. ರೇಡಿಯೊದ್ದಷ್ಟ ತಗೋತೈತಿ, ನಮ್ಮ ದನಿ ಬರಂಗಿಲ್ಲ" ಎಂದೆ, ಎಲ್ಲ ತಿಳಿದವಳ ಹಾಗೆ.

ಸ್ಪೀಕರಿನಲ್ಲಿ ಹಾಡು ಶುರುವಾಯಿತು. ಅತ್ತೆ ಬಾಯಿಗೆ ಸೆರಗು ಹಿಡಿದರು. "ಅಯ್ಯ, ನನ್ನ ದನಿ ಹಿಂಗ ಐತೇನ?"

"ವೈನಿ, ದಿನಾ ಸೊಸಿಗೆ ಒದರೋ ದನಿ ಇದ ಏನ್ರಿ?" ಎಂದರು ಕಾಕು. ನನಗೆ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಅತ್ತೆ ಎದ್ದೇ ನಿಂತರು. "ತಡೀ, ತಡೀ! ಅಣ್ಣ ತವರಿಗೆ ಕರಿಯಾಕ ಬರೋ ನುಡಿ ಬಿಟ್ಟೇನಲ್ಲ!" ರೇಡಿಯೊ ಎಲ್ಲಿ ತಡೆಯುತ್ತದೆ? ಅದು ಮುಂದಿನ ನುಡಿಗೆ ಹೋಗಿತ್ತು. ಅತ್ತೆಯೂ ಬಿಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಅದಕ್ಕಿಂತ ಜೋರಾಗಿ, ಬಿಟ್ಟ ನುಡಿಯನ್ನು ಪೂರ್ತಿ ಹಾಡಿಯೇ ಕುಳಿತರು. ಕಾಕು ತಟ್ಟೆಯ ಮೇಲೆ ತಾಳ ಹಾಕಿದರು.

ಸಂಜೆ ಕಬ್ಬಿನ ಹೊಲದಿಂದ ಬಂದ ನಮ್ಮ ಮನೆಯವರಿಗೆ ಕೇಳಿಸೋಣವೆಂದು ರೆಕಾರ್ಡಿಂಗ್ ಹಚ್ಚಿದರೆ, ಮೊದಲು ಬಂದದ್ದೇ ಕಾಕು ದ್ರಾಕ್ಷಿ ಅಗಿಯುವ ಸಪ್ಪಳ! ಹಿಂದಿನ ದಿನ ತಂಗಿಯ ಜೊತೆ ಮಾತಾಡಲು ಕಂಪ್ಯೂಟರು ಮೈಕಿನ ದನಿ ತೆಗೆದುಕೊಳ್ಳುವಂತೆ ಇಟ್ಟದ್ದನ್ನು ನಾನು ಬದಲಿಸಿರಲೇ ಇಲ್ಲ. ಹಾಡು, ಹರಟೆ, ನಗು, ತಾಳ ಎಲ್ಲ ಕಲಸಿಹೋಗಿತ್ತು. ನನ್ನ ಮುಖ ಸಣ್ಣದಾಯಿತು. ಅವರಂತೂ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಅತ್ತೆ ಮಾತ್ರ ಕಿವಿಗೊಟ್ಟು ಕೊನೆಯವರೆಗೂ ಕೇಳಿದರು.

"ಯಾಕ ಸಪ್ಪಗಾದಿ? ರೇಡಿಯೊದಾಗ ಅರ್ಧ ಹಾಡ ಬಂತು. ಪೂರಾ ಹಾಡ ಇದರಾಗ ಐತಿ" ಎಂದರು.

ಧೈರ್ಯ ಮಾಡಿ ಅದನ್ನೇ ಮಿರಜಿಗೆ ಕಳಿಸಿದೆ. ಮುಂದಿನ ವಾರವೇ ರೇಡಿಯೊದವರು ಪೂರಾ ಹಾಡು ಹಿಡಿದುಕೊಳ್ಳಲು ಮತ್ತೆ ಬಂದರು. ಈ ಸಲ ಅತ್ತೆ, "ನಾ ಒಬ್ಬಾಕಿನ ಹಾಡಂಗಿಲ್ಲ" ಎಂದು ಕಾಕುವನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡರು. ಇಬ್ಬರೂ ದನಿಯೆತ್ತಿದಾಗ, ಚಹಾ ಸೋಸುತ್ತಿದ್ದ ನಾನೂ ಒಳಗಿನಿಂದಲೇ ಸೊಲ್ಲು ಸೇರಿಸಿದೆ.