ಕೊಂಬೆ ಸವರುವ ನಿಧಾನಪ್ಪ
ಉದ್ಯಾನದಲ್ಲಿ ಮರದ ಕೊಂಬೆ ಸವರುವ ಆತನಿಗೆ ಜೊತೆಗಾರರು ಇಟ್ಟ ಹೆಸರು ನಿಧಾನಪ್ಪ. ಏಣಿ ಹತ್ತುವ ಮೊದಲೇ ಆತನ ಹಣೆ ಬೆವರುತ್ತದೆ. ಬೀಳುವ ಭಯಕ್ಕಲ್ಲ, ಮರಕ್ಕೆ ನೋವಾದೀತೆಂಬ ಭಯಕ್ಕೆ. ಗರಗಸ ಒರೆಸಿದ್ದನ್ನೇ ಒರೆಸುತ್ತಾನೆ, ಕೊಂಬೆಯನ್ನು ತಟ್ಟಿ ನೋಡುತ್ತಾನೆ, ಇಳಿದು ಬಂದು ಇನ್ನೊಂದು ಮಗ್ಗುಲಿನಿಂದ ದಿಟ್ಟಿಸುತ್ತಾನೆ. "ಬೇಗ ಕಡಿದು ಬಿಸಾಕಯ್ಯ" ಎಂದು ಮೇಸ್ತ್ರಿ ಕೂಗಿದರೆ, "ಮೇಲಿಂದ ಒಂದೇ ಸಲಕ್ಕೆ ಕೊಯ್ದ್ರೆ ಭಾರಕ್ಕೆ ತೊಗಟೆ ಬುಡದ ತನಕ ಸೀಳ್ಕೊಂಡು ಹೋಗುತ್ತೆ ಮೇಸ್ತ್ರೀ" ಎಂದು ಗೋಗರೆಯುತ್ತಾನೆ. ಕಾಂಡದಿಂದ ತುಸು ದೂರದಲ್ಲಿ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಅದರಾಚೆ ಮೇಲಿನಿಂದ ಕೊಯ್ದು ಕೊಂಬೆ ಇಳಿಸಿ, ಉಳಿದ ಮೋಟನ್ನು ಕೊನೆಗೆ ತೆಗೆಯುತ್ತಾನೆ. ಕೊಂಬೆಯ ಬುಡದಲ್ಲಿ ಉಬ್ಬಿರುವ ಉಂಗುರವನ್ನು ಮಾತ್ರ ಮುಟ್ಟುವುದಿಲ್ಲ. ಮರದ ಗಾಯ ಮಾಯುವುದು ಅಲ್ಲಿಂದಲೇ. ಗರಗಸ ಅದಕ್ಕೆ ತಾಗಿತೇನೋ ಎಂದು ಮನಸ್ಸು ತಡೆಯದೆ ಮನೆಯಿಂದ ವಾಪಸು ಬಂದು ನೋಡಿದ್ದೂ ಉಂಟು. ಇಂಥವನ ಹೆಂಡತಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳು ಕೊಳೆತು, ತೆಗೆಯಲೇಬೇಕೆಂದರು ಡಾಕ್ಟರು. "ಎಲ್ಲಿಗೆ ಕೊಯ್ತೀರಿ ಡಾಕ್ಟ್ರೇ? ಚೆನ್ನಾಗಿರೋ ಜಾಗ ಮುಟ್ಟಲ್ಲ ತಾನೇ? ಅವಸರ ಮಾತ್ರ ಮಾಡ್ಬೇಡಿ" ಎಂದು ಆತ ಕೈಮುಗಿದ. ಡಾಕ್ಟರು ನಗಲಿಲ್ಲ, ಪಾದದ ಚಿತ್ರ ಬರೆದು, ಗೆರೆ ಎಳೆದು ತೋರಿಸಿದರು. ಆಪರೇಷನ್ ಕೋಣೆಯೊಳಗೆ ಹೋಗುವಾಗ ಹೆಂಡತಿಯೇ, "ಹೆದರ್ಬೇಡಿ ಕಣ್ರೀ, ಒಂದು ಬೆರಳು ತಾನೇ" ಎಂದು ಧೈರ್ಯ ಹೇಳಬೇಕಾಯಿತು. ಆಮೇಲೆ ದಿನಾ ಬೆಳಿಗ್ಗೆ ಪಟ್ಟಿ ಬಿಚ್ಚಿ ಗಾಯ ನೋಡುತ್ತಿದ್ದವನು ಆತನೇ. ಅದರ ಅಂಚಿನಲ್ಲಿ ಹೊಸ ಚರ್ಮ ಮೂಡಿದ್ದು ಕಂಡ ದಿನ, ಅವಳ ಪಾದ ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟ. "ಕೆಲಸಕ್ಕೆ ಹೊತ್ತಾಯ್ತು, ಏಳ್ರೀ" ಎಂದು ಅವಳು ಎಷ್ಟು ಹೇಳಿದರೂ ಏಳಲಿಲ್ಲ.