ಕಡಿದ ಲೈನಿಗೊಂದು ಮಾಡ್ಯೂಲ್

ಡಾಟ್‌ಕಾಮ್ ಭರಾಟೆಯ ವರ್ಷಗಳಲ್ಲಿ ನಾನು ಹಡ್ಸನ್ ನದಿಯ ದಂಡೆಯಲ್ಲಿರುವ ಹೋಬೋಕನ್‌ನ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಪಕ್ಕದ ಕ್ಯೂಬಿಕಲ್‌ನಲ್ಲಿ ಹುಬ್ಬಳ್ಳಿಯವರೊಬ್ಬರು ಕೂರುತ್ತಿದ್ದರು. ಮನ್ರೋದಲ್ಲಿದ್ದ ನಮ್ಮ ಗೋದಾಮಿನಿಂದ ದಿನವೂ ದೊಡ್ಡ ದೊಡ್ಡ ಫೈಲುಗಳು ಫೋನ್ ಲೈನಿನಲ್ಲಿ ನಮ್ಮ ಕಂಪ್ಯೂಟರಿಗೆ ಬರಬೇಕಿತ್ತು. ಅರ್ಧದಲ್ಲಿ ಲೈನ್ ಕಡಿದರೆ ಮತ್ತೆ ಮೊದಲಿನಿಂದ ಶುರು. ನಾವೆಲ್ಲ ಬೈದುಕೊಂಡು ಕಾಫಿಗೆ ಎದ್ದು ಹೋಗುತ್ತಿದ್ದೆವು.

"ಎಲ್ಲಿ ನಿಂತಿತ್ತೋ ಅಲ್ಲಿಂದನ ಯಾಕ ಶುರು ಆಗಬಾರದ್ರಿ ಮೇಡಂ?" ಎಂದವರು ಅವರೊಬ್ಬರೇ. ಹಾಗೆ ಮಾಡುವ ಪುಟ್ಟ ಮಾಡ್ಯೂಲ್, ಅಂದರೆ ಪ್ರೋಗ್ರಾಮಿನ ತುಣುಕೊಂದನ್ನು ಬರೆದೂ ಬರೆದರು.

ನಾವು ಬಳಸುತ್ತಿದ್ದ ಪ್ರೋಗ್ರಾಮಿಂಗ್ ಭಾಷೆಗೆ ಇಂಟರ್ನೆಟ್ಟಿನಲ್ಲಿ ಒಂದು ಲೈಬ್ರರಿಯಿತ್ತು. ಅದರಲ್ಲಿರುವ ಮಾಡ್ಯೂಲುಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಮ್ಯಾನೇಜರನ್ನು ಒಪ್ಪಿಸಿ ಅವರು ತಮ್ಮ ಮಾಡ್ಯೂಲನ್ನು ಅಲ್ಲಿಗೆ ಹಾಕಿದರು. ಅದನ್ನು ಬಳಸಿದ ಗುರುತಿಲ್ಲದವರಿಂದ ಈಮೇಲ್ ಬರತೊಡಗಿತು. ಊಟದ ಹೊತ್ತಿಗೆ ರೊಟ್ಟಿ ಮುರಿಯುತ್ತ ಅದನ್ನೆಲ್ಲ ನಮಗೆ ಓದಿ ಹೇಳುತ್ತಿದ್ದರು.

ಒಂದು ಚಳಿಗಾಲ ಅವರಿಗೆ ಬಂದ ಜ್ವರ ಬಿಡಲೇ ಇಲ್ಲ. ರಕ್ತದ ಕ್ಯಾನ್ಸರ್ ಎಂದರು ಡಾಕ್ಟರು. ನಾನು ಸಾರು ಮಾಡಿಕೊಂಡು ಆಸ್ಪತ್ರೆಗೆ ಹೋದಾಗ ಹೊದಿಕೆಯ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಸೂಜಿ ಚುಚ್ಚಿದ ಕೈಯಲ್ಲೇ ಟೈಪ್ ಮಾಡುತ್ತಿದ್ದರು.

"ಸ್ವಲ್ಪ ಮಲಗಬಾರದಾ?" ಎಂದೆ.

"ಮಲಗಿದ್ರ ಬರೇ ಈ ಜಡ್ಡಿನ ವಿಚಾರ ಬರ್ತದ್ರಿ. ಯಾರೋ ಒಂದು ಬಗ್ ಹೇಳ್ಯಾರ. ನೋಡೂಣು."

ಮಾಡ್ಯೂಲಿನ ಆ ದೋಷವನ್ನು ಸರಿಪಡಿಸಲು ಅವರಿಗೆ ಆಗಲಿಲ್ಲ. ಹಿಮ ಕರಗುವ ಮೊದಲೇ ತೀರಿಕೊಂಡರು.

ಅವರ ಹೆಂಡತಿಯ ವೀಸಾ ಗಂಡನ ಕೆಲಸಕ್ಕೆ ಅಂಟಿಕೊಂಡದ್ದು. ಆತ ಹೋದ ಮೇಲೆ ಆಕೆ ದೇಶ ಬಿಡಬೇಕು. ವೆಸ್ಟ್ ವಿಂಡ್ಸರ್‌ನ ಅಪಾರ್ಟ್‌ಮೆಂಟಿಗೆ ನಾನು ಸಾಮಾನು ಕಟ್ಟಿಸಲು ಹೋದೆ. ಗಂಡನ ಕಂಪ್ಯೂಟರಿನಲ್ಲಿ ಇನ್ನೂ ಓದದ ಈಮೇಲ್‌ಗಳನ್ನು ಆಕೆ ತೋರಿಸಿದರು.

"ಅಕ್ಕಾ, ಇವರಿಗೆಲ್ಲಾ ಯಾರು ಉತ್ತರಾ ಕೊಡಾವ್ರು?"

"ನಾನು ಕೊಡ್ತೀನಿ. ಮಾಡ್ಯೂಲನ್ನೂ ನಾನೇ ನೋಡ್ಕೋತೀನಿ."

"ಅವರ ಹೆಸರು ಮಾತ್ರ ತಗೀಬ್ಯಾಡ್ರಿ."

"ಇಲ್ಲ ಕಣಮ್ಮಾ."

ಪಕ್ಕದಲ್ಲಿ ಗೊಂಬೆ ಹಿಡಿದು ನಿಂತಿದ್ದ ಅವರ ಪುಟ್ಟ ಮಗಳು, "ಈಸ್ ಅಪ್ಪ ಕಮಿಂಗ್ ಆನ್ ದ ಪ್ಲೇನ್?" ಎಂದಳು. ತಾಯಿ ಬಗ್ಗಿ ಅವಳ ಬೂಟಿನ ಲೇಸು ಕಟ್ಟತೊಡಗಿದರು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದರು.

ಮಾಡ್ಯೂಲನ್ನು ನನ್ನ ವಶಕ್ಕೆ ಕೊಡಿ ಎಂದು ಲೈಬ್ರರಿ ನೋಡಿಕೊಳ್ಳುವ ಸ್ವಯಂಸೇವಕರಿಗೆ ಬರೆದೆ. ಮೂಲ ಲೇಖಕರ ಒಪ್ಪಿಗೆ ಇದೆಯೇ ಎಂದು ಅವರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. ಪಕ್ಕದ ಕ್ಯೂಬಿಕಲ್‌ನವರು ತೀರಿಕೊಂಡರೆಂದು ಫೋನಿನಲ್ಲಿ ಎಷ್ಟೋ ಜನಕ್ಕೆ ಹೇಳಿದ್ದೆ. ಬರೆಯಬೇಕಾಗಿ ಬಂದದ್ದು ಅದೇ ಮೊದಲು. ಕಿಟಕಿಯಾಚೆ ಹಡ್ಸನ್ ದಾಟುತ್ತಿದ್ದ ಫೆರ್ರಿಯನ್ನು ನೋಡುತ್ತ ಬಹಳ ಹೊತ್ತು ಕೂತು, ಕೊನೆಗೆ ಒಂದೇ ಸಾಲು ಬರೆದು ಕಳಿಸಿದೆ.

ಮಾಡ್ಯೂಲ್ ನನ್ನ ವಶಕ್ಕೆ ಬಂತು, ಬಗ್ ಸರಿಪಡಿಸಿದೆ. ಅವರ ಹೆಸರನ್ನು ಇದ್ದಲ್ಲೇ ಬಿಟ್ಟೆ. ಹಾಗಾಗಿ ಈಮೇಲ್‌ಗಳು ಅವರ ಹೆಸರಿಗೇ ಬರುತ್ತಿದ್ದವು. ಒಂದು ಬೇಸಿಗೆಯಲ್ಲಿ ಯಾವುದೋ ದ್ವೀಪದ ಶಾಲಾ ಮೇಷ್ಟರೊಬ್ಬರು ಬರೆದಿದ್ದರು: ನಮ್ಮಲ್ಲಿ ಫೋನ್ ಲೈನ್ ಕಡಿಯುತ್ತಲೇ ಇರುತ್ತದೆ, ನಿಮ್ಮಿಂದ ನಮ್ಮ ಮಕ್ಕಳಿಗೆ ಪಾಠಗಳು ಪೂರ್ತಿ ಸಿಗುತ್ತಿವೆ, ನೀವು ಚೆನ್ನಾಗಿರಿ. ಹುಬ್ಬಳ್ಳಿಗೆ ಮರಳಿದ್ದ ಅವರ ಹೆಂಡತಿಗೆ ಫೋನ್ ಮಾಡಿ ಅದನ್ನು ಕನ್ನಡದಲ್ಲಿ ಹೇಳಿದೆ.

"ಇನ್ನೊಮ್ಮೆ ಹೇಳ್ರಿ ಅಕ್ಕಾ," ಎಂದರು.

ಹೇಳಿದೆ. ಮಗಳು ಹೊಸ ಶಾಲೆಯಲ್ಲಿ ಯಾರೊಂದಿಗೂ ಮಾತಾಡುತ್ತಿಲ್ಲ, ಅಪ್ಪನ ಈ ಸುದ್ದಿಯನ್ನು ಅವಳಿಗೂ ಹೇಳುತ್ತೇನೆ ಎಂದು ಆಮೇಲೆ ಅವರು ಹೇಳಿದರು.